ಬೆಳೆಯುವ ಕರು, ಕುರಿಮರಿ, ಹಂದಿಮರಿ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತವೆ? ಐಸೋಟೋಪ್ ಅಳತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಶು ಆಹಾರ ಓದುವ ವಿದ್ಯಾರ್ಥಿಗಳು, ಹೈನುಗಾರಿಕೆ ಮಾಡುವ ಗೆಳೆಯರು, ಸುಮ್ನೆ ಕುತೂಹಲಕ್ಕೆ ಕೇಳಿದವರು, ಹೀಗೆ ಬೇರೆ ಬೇರೆಯವರಿಂದ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ಕುಳಿತು ಲೆಕ್ಕ ಹಾಕಲೇಬೇಕು.

ಶಕ್ತಿಯ ಖರ್ಚು ಅಂದರೆ ಏನು?

ಕರು ತಿಂದ ಮೇವೆಲ್ಲ ಮೈಗೆ ಹತ್ತುವುದಿಲ್ಲ. ಒಂದಿಷ್ಟು ಸಗಣಿಯಲ್ಲಿ ಹೋಗುತ್ತದೆ, ಒಂದಿಷ್ಟು ಗಂಜಲದಲ್ಲಿ. ಮೆಲುಕು ಹಾಕುವ ಪ್ರಾಣಿಯಾದರೆ ತೇಗಿನ ಜೊತೆ ಮೀಥೇನ್ ಅನಿಲವಾಗಿಯೂ ಹೋಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೊರಬೀಳುತ್ತದೆ. ಉಸಿರಾಡುವುದಕ್ಕೆ, ನಿಲ್ಲುವುದಕ್ಕೆ, ನಡೆಯುವುದಕ್ಕೆ, ತಿಂದದ್ದನ್ನು ಅರಗಿಸುವುದಕ್ಕೆ, ಹೊಸ ಮಾಂಸ ಕಟ್ಟುವುದಕ್ಕೆ ಬೇಕಾದ ಶಕ್ತಿ ಎಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಈ ಬಿಸಿಯನ್ನೇ ನಾವು ಶಕ್ತಿಯ ಖರ್ಚು ಅನ್ನುತ್ತೇವೆ. ಅದನ್ನು ಕಳೆದ ಮೇಲೆ ಮಿಕ್ಕಿದ್ದು ಬೆಳವಣಿಗೆ.

ಮೇವು ತೂಗಿ, ಕರುವನ್ನು ತೂಗಿದರೆ ಸಾಲದಾ?

ದಿನದ ಕೊಟ್ಟಿಗೆ ಕೆಲಸಕ್ಕೆ ಸಾಕು. ಆದರೆ ತಕ್ಕಡಿಗೆ ಮಾಂಸ ಯಾವುದು, ಕೊಬ್ಬು ಯಾವುದು, ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 39 ಕಿಲೋಜೂಲ್ ಶಕ್ತಿ ಇರುತ್ತದೆ. ಒಂದು ಗ್ರಾಂ ಪ್ರೋಟೀನ್‌ನಲ್ಲಿ ಸುಮಾರು 24. ನೀರಿನಲ್ಲಿ ಏನೂ ಇಲ್ಲ. ಎರಡು ಕರುಗಳು ಒಂದೇ ತೂಕ ಏರಿದ್ದರೂ ಒಂದು ಕೂಡಿಟ್ಟ ಶಕ್ತಿ ಇನ್ನೊಂದರ ದುಪ್ಪಟ್ಟು ಇರಬಹುದು. ಮೇಯಲು ಬಿಟ್ಟ ಪ್ರಾಣಿಯಾದರೆ ಅದು ತಿಂದದ್ದೆಷ್ಟು ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. ಆಗ ತೂಗುವುದು ಏನನ್ನ?

ಉಸಿರಾಟದ ಕೋಣೆ ಇರುವಾಗ ಐಸೋಟೋಪ್ ಯಾಕೆ?

ಪ್ರಾಣಿಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು, ಅದು ಎಳೆದುಕೊಂಡ ಆಮ್ಲಜನಕ, ಬಿಟ್ಟ ಇಂಗಾಲದ ಡೈಆಕ್ಸೈಡ್, ಮೀಥೇನ್ ಅಳೆಯುವುದು ಹಳೆಯ ದಾರಿ. ಇವತ್ತಿಗೂ ಬೇರೆ ವಿಧಾನಗಳನ್ನು ಒರೆಗೆ ಹಚ್ಚುವುದು ಇದರ ಮೇಲೆಯೇ. ಇದನ್ನು ನಾನು ತುಂಬಾ ಗೌರವಿಸುತ್ತೇನೆ.

ಆದರೆ ಕೋಣೆಯೊಳಗಿನ ಪ್ರಾಣಿ ಓಡುವುದಿಲ್ಲ, ಗುದ್ದಾಡುವುದಿಲ್ಲ, ಬಿಸಿಲಲ್ಲಿ ಎರಡು ಮೈಲಿ ನಡೆದು ನೀರು ಕುಡಿಯುವುದಿಲ್ಲ. ಮರಿಯನ್ನು ತಾಯಿಯಿಂದ ಬೇರೆ ಮಾಡಿದರೆ ಅದರ ನಡವಳಿಕೆಯೇ ಬದಲಾಗುತ್ತದೆ. ಅದು ತನ್ನ ಪಾಡಿಗೆ ತಾನು ಬದುಕುತ್ತಿರುವಾಗ ಆಗುವ ಖರ್ಚು ಬೇಕೆಂದರೆ, ಅಳತೆಯ ಸಾಧನ ಅದರ ಮೈಯೊಳಗೇ ಹೋಗಬೇಕು. ಐಸೋಟೋಪ್, ಅಂದರೆ ಒಂದೇ ಧಾತುವಿನ ಬೇರೆ ತೂಕದ ಪರಮಾಣು, ಆ ಕೆಲಸ ಮಾಡುತ್ತದೆ.

ಎರಡು ಗುರುತಿನ ನೀರು ಅಂದರೆ ಏನು? ಹೇಗೆ ಕೆಲಸ ಮಾಡುತ್ತದೆ?

ನೀರಿನಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ ಇವೆ. ಎರಡಕ್ಕೂ ಸ್ವಲ್ಪ ಹೆಚ್ಚು ತೂಕದ ಅಣ್ಣಂದಿರು ಇದ್ದಾರೆ. ಹೈಡ್ರೋಜನ್‌ಗೆ ಡ್ಯುಟೀರಿಯಂ, ಮಾಮೂಲಿ ಆಮ್ಲಜನಕಕ್ಕೆ ಆಮ್ಲಜನಕ-18. ಇವೇ ಆ ಎರಡು ಗುರುತುಗಳು. ಇವೆರಡೂ ಜಾಸ್ತಿ ಇರುವ ನೀರನ್ನು ಅಳೆದು ಪ್ರಾಣಿಗೆ ಕೊಡುತ್ತೇವೆ. ಕೆಲವು ಗಂಟೆಗಳಲ್ಲಿ ಅದು ಮೈಯಲ್ಲಿರುವ ಅಷ್ಟೂ ನೀರಿನ ಜೊತೆ ಬೆರೆಯುತ್ತದೆ.

ಆಮೇಲೆ ಎರಡೂ ಹೊರಗೆ ಹೋಗಲು ಶುರು ಮಾಡುತ್ತವೆ. ಡ್ಯುಟೀರಿಯಂ ಹೋಗುವುದು ನೀರಾಗಿ ಮಾತ್ರ: ಗಂಜಲ, ಬೆವರು, ಉಸಿರಿನ ಆವಿ, ಸಗಣಿಯ ತೇವ. ಆಮ್ಲಜನಕ-18ಕ್ಕೆ ಎರಡು ಬಾಗಿಲು. ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ರಕ್ತದಲ್ಲಿರುವ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ನೀರಿನ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡಿನ ಆಮ್ಲಜನಕವನ್ನೂ ಬಿಡುವಿಲ್ಲದೆ ಅದಲು ಬದಲು ಮಾಡುತ್ತಿರುತ್ತದೆ. ಅದಕ್ಕೇ ಎರಡನೇ ಬಾಗಿಲು ತೆರೆದಿರುವುದು.

ಹಾಗಾಗಿ ಆಮ್ಲಜನಕ-18 ಸ್ವಲ್ಪ ಬೇಗ ಖಾಲಿಯಾಗುತ್ತದೆ. ಎರಡರ ವೇಗದ ವ್ಯತ್ಯಾಸವೇ ಹೊರಬಂದ ಇಂಗಾಲದ ಡೈಆಕ್ಸೈಡ್. ಅದರಿಂದ ಶಕ್ತಿಯ ಖರ್ಚು.

ಇದನ್ನು ಯಾರು ಕಂಡುಹಿಡಿದರು?

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ನೇಥನ್ ಲಿಫ್ಸನ್ ಮತ್ತು ಜೊತೆಗಾರರು. ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿರುವ ಆಮ್ಲಜನಕ ಮೈಯ ನೀರಿನ ಆಮ್ಲಜನಕದ ಜೊತೆ ಸಮತೋಲದಲ್ಲಿರುತ್ತದೆ ಎಂದು 1949ರಲ್ಲಿ ತೋರಿಸಿದರು. 1955ರಲ್ಲಿ ಇಲಿಗಳ ಮೇಲೆ ಪೂರ್ತಿ ವಿಧಾನವನ್ನೇ ಮಾಡಿ ತೋರಿಸಿದರು. ಮನುಷ್ಯರ ಮೇಲೆ ಬಳಸಿದ ಮೊದಲ ವರದಿ ಬಂದದ್ದು 1982ರಲ್ಲಿ. ನಡುವೆ ಅಷ್ಟು ವರ್ಷ ಯಾಕೆ ಅಂದರೆ, ಆಮ್ಲಜನಕ-18 ಅಷ್ಟು ದುಬಾರಿ. ಉಪಕರಣಗಳು ಸೂಕ್ಷ್ಮವಾದ ಮೇಲೆಯೇ ಕಡಿಮೆ ಪ್ರಮಾಣದಲ್ಲಿ ಕೆಲಸ ನಡೆಯಿತು. ಅಲ್ಲಿಯ ತನಕ ಇಲಿ, ಪಾರಿವಾಳದಂಥ ಸಣ್ಣ ಜೀವಿಗಳಿಗೇ ಇದು ಕೈಗೆಟುಕುತ್ತಿತ್ತು.

ಭಾರಜಲ ಅಂದರೆ ಅಣುಸ್ಥಾವರದ್ದು ಅಲ್ವಾ? ಕರುವಿಗೆ ವಿಕಿರಣ ತಗಲುವುದಿಲ್ಲವೇ?

ಮಾಮೂಲಿ ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರೇ ಭಾರಜಲ. ಈ ಭಯ ನಮ್ಮ ಕಡೆ ಜಾಸ್ತಿ, ಯಾಕೆಂದರೆ ಕೈಗಾದ ಹೆಸರಿನ ಜೊತೆಗೇ ಭಾರಜಲದ ಹೆಸರೂ ಕೇಳಿದ್ದೇವೆ. ಅಲ್ಲಿನ ರಿಯಾಕ್ಟರುಗಳು ಭಾರಜಲ ಬಳಸುತ್ತವೆ, ನಿಜ. ಆದರೆ ಭಾರಜಲಕ್ಕೆ ತನ್ನದೇ ವಿಕಿರಣ ಇಲ್ಲ. ರಿಯಾಕ್ಟರಿನೊಳಗೆ ಇದ್ದು ಬಂದ ಭಾರಜಲದಲ್ಲಿ ಟ್ರಿಟಿಯಂ ಸೇರಿರುತ್ತದೆ. ಅದು ವಿಕಿರಣ ಸೂಸುತ್ತದೆ. ನಾವು ಬಳಸುವುದು ಅದನ್ನಲ್ಲ. ಡ್ಯುಟೀರಿಯಂ, ಆಮ್ಲಜನಕ-18 ಎರಡೂ ಸ್ಥಿರ ಐಸೋಟೋಪ್‌ಗಳು. ಎಷ್ಟು ವರ್ಷ ಇಟ್ಟರೂ ಹಾಗೇ ಇರುತ್ತವೆ.

ಪ್ರಮಾಣವನ್ನೂ ನೋಡಿ. ಬಾವಿ ನೀರು, ನಲ್ಲಿ ನೀರು, ಎಲ್ಲದರಲ್ಲೂ ಹತ್ತು ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಹೆಚ್ಚುಕಡಿಮೆ 150 ಡ್ಯುಟೀರಿಯಂ ಇದ್ದೇ ಇರುತ್ತವೆ. 100 ಕೆಜಿ ತೂಗುವ ಕರುವಿನ ಮೈಯಲ್ಲಿ ಸುಮಾರು 65 ಕೆಜಿ ನೀರಿದೆ ಅಂದುಕೊಂಡರೆ, ಅದರಲ್ಲಿ ಈಗಾಗಲೇ 11 ಗ್ರಾಂ ಭಾರಜಲದಷ್ಟು ಡ್ಯುಟೀರಿಯಂ ಇದೆ. ಹುಟ್ಟಿದಾಗಿನಿಂದ ಇದೆ. ಪ್ರಯೋಗಕ್ಕೆ ನಾವು ಸೇರಿಸುವುದು ಇನ್ನೊಂದು 7 ಗ್ರಾಂ ಅಷ್ಟೇ. ಸಸ್ತನಿಗಳಿಗೆ ಭಾರಜಲದಿಂದ ತೊಂದರೆ ಆಗಬೇಕಾದರೆ ಮೈಯ ನೀರಿನ ಸುಮಾರು ಐದನೇ ಒಂದು ಪಾಲು ಭಾರಜಲವೇ ಆಗಬೇಕು. ಅಂದರೆ ಗ್ರಾಂ ಲೆಕ್ಕವಲ್ಲ, ಕೊಡದ ಲೆಕ್ಕ.

ಒಂದು ತಿಂಗಳಾದ ಮೇಲೆ ಕೊಟ್ಟದ್ದರಲ್ಲಿ 100ಕ್ಕೆ ಮೂರು ಪಾಲಿನಷ್ಟು ಮಾತ್ರ ಮೈಯ ನೀರಿನಲ್ಲಿ ಉಳಿದಿರುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೀರಾ?

ಅದೇ 100 ಕೆಜಿ ಕರು. ಅಂಕಿಗಳು ವಿವರಿಸುವುದಕ್ಕಾಗಿ ನಾನು ಇಟ್ಟುಕೊಂಡವು, ಆದರೆ ನಿಜಕ್ಕೆ ಹತ್ತಿರ ಇವೆ. ಮೈಯ ನೀರು 65 ಕೆಜಿ, ಅಂದರೆ ಹತ್ತಿರ ಹತ್ತಿರ 3600 ಮೋಲ್ (ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ, 18 ಗ್ರಾಂ ನೀರು ಒಂದು ಮೋಲ್). ಡ್ಯುಟೀರಿಯಂ ದಿನಕ್ಕೆ 0.120 ದರದಲ್ಲಿ, ಅಂದರೆ ಇರುವುದರಲ್ಲಿ ಹೆಚ್ಚುಕಡಿಮೆ 100ಕ್ಕೆ 12 ಪಾಲಿನಂತೆ, ಕಡಿಮೆಯಾಗುತ್ತಿದೆ. ಆಮ್ಲಜನಕ-18 ದಿನಕ್ಕೆ 0.141 ದರದಲ್ಲಿ.

ವ್ಯತ್ಯಾಸ 0.021. ಇದನ್ನು 3600ರಿಂದ ಗುಣಿಸಿದರೆ 75.6. ಒಂದು ಇಂಗಾಲದ ಡೈಆಕ್ಸೈಡ್ ಎರಡು ಆಮ್ಲಜನಕ ಹೊತ್ತೊಯ್ಯುವುದರಿಂದ ಎರಡರಿಂದ ಭಾಗಿಸಬೇಕು. ಬಂದದ್ದು 37.8 ಮೋಲ್, ಸುಮಾರು 847 ಲೀಟರ್ ಇಂಗಾಲದ ಡೈಆಕ್ಸೈಡ್. ಲೀಟರಿಗೆ 22 ಕಿಲೋಜೂಲ್ ಅಂತ ಹಿಡಿದರೆ ದಿನಕ್ಕೆ 18.6 ಮೆಗಾಜೂಲ್.

ಈಗ ಇದನ್ನು ಗಮನಿಸಿ. ಡ್ಯುಟೀರಿಯಂ ದರದಲ್ಲಿ ಬರೀ 1% ತಪ್ಪಾಗಿ 0.120 ಬದಲು 0.1212 ಬಂತು ಅಂದುಕೊಳ್ಳಿ. ವ್ಯತ್ಯಾಸ 0.0198ಕ್ಕೆ ಇಳಿಯುತ್ತದೆ. ಉತ್ತರ ಸುಮಾರು 6% ಕಡಿಮೆ ಬರುತ್ತದೆ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ಸಂದಿಯಲ್ಲಿ ನಮ್ಮ ಉತ್ತರ ಕುಳಿತಿದೆ. ಆ ದೊಡ್ಡ ಸಂಖ್ಯೆ ಸ್ವಲ್ಪ ಅಲುಗಾಡಿದರೂ ಸಂದಿ ಪೂರ್ತಿ ಅಲುಗಾಡುತ್ತದೆ. ಈ ವಿಧಾನ ಕಲಿಯುವವರು ಮೊದಲು ಅರಗಿಸಿಕೊಳ್ಳಬೇಕಾದದ್ದು ಇದನ್ನೇ.

ನಿಜವಾದ ಲೆಕ್ಕದಲ್ಲಿ ಇನ್ನೂ ಕೆಲವು ತಿದ್ದುಪಡಿಗಳಿವೆ. ಭಾರದ ನೀರು ಆವಿಯಾಗಲು ಸ್ವಲ್ಪ ಹಿಂಜರಿಯುತ್ತದೆ. 37 ಡಿಗ್ರಿಯಲ್ಲಿ ಆವಿಯಲ್ಲಿರುವ ಡ್ಯುಟೀರಿಯಂ ದ್ರವದಲ್ಲಿರುವುದಕ್ಕಿಂತ ಸುಮಾರು 6% ಕಡಿಮೆ. ಬಿಸಿಲಲ್ಲಿ ಏದುಸಿರು ಬಿಡುವ ಪ್ರಾಣಿಯಲ್ಲಿ ಇದನ್ನು ಮರೆಯುವ ಹಾಗಿಲ್ಲ.

ಬೆಳೆಯುವ ಪ್ರಾಣಿಯಲ್ಲಿ ಮಾತ್ರ ಇದು ಕಷ್ಟ ಅನ್ನುತ್ತಾರಲ್ಲ, ಯಾಕೆ?

ಈ ಪುಟ ಬರೆದಿರುವುದೇ ಈ ಪ್ರಶ್ನೆಗಾಗಿ ಅಂದರೂ ತಪ್ಪಿಲ್ಲ.

ಡ್ಯುಟೀರಿಯಂ ನೀರಾಗಿ ಮಾತ್ರ ಹೊರಗೆ ಹೋಗುತ್ತದೆ ಅಂತ ಮೇಲೆ ಹೇಳಿದೆ. ಬೆಳೆದು ನಿಂತ, ತೂಕ ಬದಲಾಗದ ಪ್ರಾಣಿಯಲ್ಲಿ ಈ ಮಾತು ಹೆಚ್ಚುಕಡಿಮೆ ಸರಿ. ಬೆಳೆಯುವ ಪ್ರಾಣಿಯಲ್ಲಿ ಅದು ಪೂರ್ತಿ ನಿಜವಲ್ಲ. ಹಂದಿಮರಿ ಜೋಳ, ಅಕ್ಕಿ ನುಚ್ಚು ತಿಂದು ಆ ಪಿಷ್ಟದಿಂದ ಕೊಬ್ಬು ಕಟ್ಟುತ್ತದೆ. ಹೊಸ ಕೊಬ್ಬಿನ ಸರಪಳಿ ಕಟ್ಟುವಾಗ ಹೈಡ್ರೋಜನ್ ಬೇಕು. ಅದರಲ್ಲಿ ಒಂದು ಪಾಲು ಮೈಯ ನೀರಿನಿಂದಲೇ ಬರುತ್ತದೆ, ಜೊತೆಗೆ ಡ್ಯುಟೀರಿಯಂ ಕೂಡ ಬರುತ್ತದೆ. ಒಮ್ಮೆ ಕೊಬ್ಬಿನಲ್ಲಿ ಕೂತ ಡ್ಯುಟೀರಿಯಂ ಆ ಕೊಬ್ಬು ಉರಿಯುವ ತನಕ ಮತ್ತೆ ನೀರಿಗೆ ಬರುವುದಿಲ್ಲ. ಅದು ಹೊರಗೂ ಹೋಗಿಲ್ಲ, ನೀರಿನಲ್ಲೂ ಇಲ್ಲ.

ಗಂಜಲದ ಸ್ಯಾಂಪಲ್ ನೋಡುವ ನಮಗೆ ಡ್ಯುಟೀರಿಯಂ ಬೇಗ ಕಡಿಮೆಯಾದಂತೆ ಕಾಣುತ್ತದೆ. ಆಗ ಎರಡು ದರಗಳ ನಡುವಿನ ಸಂದಿ ಕಿರಿದಾಗುತ್ತದೆ. ಇಂಗಾಲದ ಡೈಆಕ್ಸೈಡ್ ಕಡಿಮೆ ಬಂದಿದೆ ಅಂತ ಲೆಕ್ಕ ಹೇಳುತ್ತದೆ. ಪ್ರಾಣಿ ಖರ್ಚು ಮಾಡಿದ್ದಕ್ಕಿಂತ ಕಡಿಮೆ ಖರ್ಚು ಮಾಡಿದೆ ಎಂದು ನಾವು ಬರೆದುಕೊಳ್ಳುತ್ತೇವೆ.

ಇದು ಎಷ್ಟು ದೊಡ್ಡ ತಪ್ಪು? 60 ಕೆಜಿ ತೂಗುವ ಹಂದಿ ದಿನಕ್ಕೆ 200 ಗ್ರಾಂ ಕೊಬ್ಬು ಕಟ್ಟುತ್ತಿದೆ ಅನ್ನಿ. ಕೊಬ್ಬಿನ ತೂಕದಲ್ಲಿ ಸುಮಾರು 12% ಹೈಡ್ರೋಜನ್, ನೀರಿನಲ್ಲಿ 11%. ಅಂದರೆ ಆ ಕೊಬ್ಬಿನಲ್ಲಿ ಸುಮಾರು 215 ಗ್ರಾಂ ನೀರಿನಲ್ಲಿರುವಷ್ಟು ಹೈಡ್ರೋಜನ್ ಇದೆ. ಅದರಲ್ಲಿ ಅರ್ಧ ಮೈಯ ನೀರಿನಿಂದ ಬಂತು ಎಂದು ಇಟ್ಟುಕೊಂಡರೆ, 108 ಗ್ರಾಂ ನೀರಿನಷ್ಟು ಡ್ಯುಟೀರಿಯಂ ದಿನವೂ ಮರೆಯಾಗುತ್ತದೆ. ಆ ಹಂದಿ ದಿನಕ್ಕೆ 15 ಮೆಗಾಜೂಲ್ ಖರ್ಚು ಮಾಡುತ್ತಿದ್ದರೆ, ಇಂಗಾಲದ ಡೈಆಕ್ಸೈಡ್ ಆಗಿ ಹೋಗುವ ಆಮ್ಲಜನಕ ಸುಮಾರು 1150 ಗ್ರಾಂ ನೀರಿನಲ್ಲಿ ಇರುವಷ್ಟು. 1150ರಲ್ಲಿ 108 ಅಂದರೆ 9%ಕ್ಕೂ ಜಾಸ್ತಿ. ಎರಡು ಆಹಾರಗಳ ನಡುವೆ ನಾವು ಹುಡುಕುವ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರುವುದಿಲ್ಲ!

ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಈ ತಪ್ಪು ಎಲ್ಲ ಪ್ರಾಣಿಗಳಲ್ಲೂ ಒಂದೇ ಸಮ ಇರುವುದಿಲ್ಲ. ಹೆಚ್ಚು ಕೊಬ್ಬು ಕಟ್ಟುವ ಗುಂಪಿನಲ್ಲಿ ಜಾಸ್ತಿ ಇರುತ್ತದೆ. ಪಿಷ್ಟ ತಿಂದ ಹಂದಿ ಕೊಬ್ಬನ್ನು ತಾನೇ ಹೊಸದಾಗಿ ಕಟ್ಟುತ್ತದೆ. ಎಣ್ಣೆ ತಿಂದ ಹಂದಿ ತಿಂದ ಕೊಬ್ಬನ್ನೇ ಬಹುಪಾಲು ಹಾಗೇ ಕೂಡಿಡುತ್ತದೆ, ಅದಕ್ಕೆ ಅಷ್ಟು ಹೊಸ ಹೈಡ್ರೋಜನ್ ಬೇಡ. ಈ ಎರಡು ಗುಂಪುಗಳನ್ನು ತಿದ್ದುಪಡಿ ಇಲ್ಲದೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ, ಇರುವುದು ಮಾಯವಾಗುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ರೋವೆಟ್ ಸಂಶೋಧನಾ ಸಂಸ್ಥೆಯಲ್ಲಿ ಪಾಲ್ ಹ್ಯಾಗರ್ಟಿ ಮತ್ತು ಜೊತೆಗಾರರು 1990ರ ದಶಕದ ಮೊದಲ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹಂದಿಗಳಲ್ಲಿ ಬೆನ್ನುಹತ್ತಿದರು. ಮೈಯ ನೀರಿನ ಹೈಡ್ರೋಜನ್ ಎಷ್ಟು ಕೊಬ್ಬಿಗೆ ಸೇರುತ್ತದೆ ಎಂದು ನೇರವಾಗಿ ಅಳೆದರು. ಕಾಣೆಯಾದ ಹೈಡ್ರೋಜನ್ ಎಲ್ಲಿಗೆ ಹೋಯಿತು ಎಂದು ಕೇಳುವ ಆ ಛಲ ನನಗೆ ತುಂಬಾ ಇಷ್ಟ. ಬೆಳೆಯುವ ಪ್ರಾಣಿಗಳ ಮೇಲೆ ಈ ವಿಧಾನವನ್ನು ಇವತ್ತು ಧೈರ್ಯವಾಗಿ ಬಳಸುತ್ತಿದ್ದೇವೆ ಅಂದರೆ ಅದಕ್ಕೆ ಅಂಥ ಕೆಲಸವೇ ಕಾರಣ.

ಹತ್ತು ದಿನದಲ್ಲಿ ಕರುವಿನ ತೂಕವೇ ಏರುತ್ತದಲ್ಲ? ಆಗ 65 ಕೆಜಿ ನೀರು ಅನ್ನುವುದು ಹೇಗೆ?

ಸರಿಯಾದ ಪ್ರಶ್ನೆ. ದಿನಕ್ಕೆ 600 ಗ್ರಾಂ ಏರುವ ಕರು ಹತ್ತು ದಿನದಲ್ಲಿ 6 ಕೆಜಿ ಏರುತ್ತದೆ, ಅದರಲ್ಲಿ ಸುಮಾರು 4 ಕೆಜಿ ನೀರೇ. ಶುರುವಿನ 65 ಕೆಜಿಯನ್ನೇ ಹಿಡಿದುಕೊಂಡರೆ ಉತ್ತರ 3% ಕಡಿಮೆ ಬರುತ್ತದೆ. ಹಾಗಾಗಿ ಮೊದಲ ದಿನ, ಕೊನೆಯ ದಿನ ಎರಡೂ ತೂಗಿ ಸರಾಸರಿ ಹಿಡಿಯಬೇಕು. ನೀರು ಹೆಚ್ಚಾದಂತೆ ಎರಡು ಗುರುತುಗಳೂ ಒಂದೇ ಸಮ ತೆಳುವಾಗುತ್ತವೆ, ಹಾಗಾಗಿ ವ್ಯತ್ಯಾಸಕ್ಕೆ ಪೆಟ್ಟು ಬೀಳುವುದಿಲ್ಲ. ಕೊಬ್ಬಿನ ಸಮಸ್ಯೆಗೆ ಹೋಲಿಸಿದರೆ ಇದು ಸುಲಭದ್ದು.

ಮೆಲುಕು ಹಾಕುವ ಪ್ರಾಣಿಗಳಲ್ಲಿ ಬೇರೆ ತೊಂದರೆ ಇದೆಯಾ?

ಇದೆ. ರೂಮೆನ್ ಎನ್ನುವ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಒಂದು ಮೀಥೇನ್‌ನಲ್ಲಿ ನಾಲ್ಕು ಹೈಡ್ರೋಜನ್. ಅವುಗಳಲ್ಲಿ ರೂಮೆನ್ ನೀರಿನ ಡ್ಯುಟೀರಿಯಂ ಸೇರಿರುತ್ತದೆ. ಮೀಥೇನ್‌ಗೆ ಡ್ಯುಟೀರಿಯಂ ಅಷ್ಟಾಗಿ ಒಗ್ಗುವುದಿಲ್ಲ, ನೀರಿನಲ್ಲಿರುವುದಕ್ಕಿಂತ ಬಹಳ ಕಡಿಮೆ ಸೇರುತ್ತದೆ. ಆದರೂ ನಮ್ಮ 100 ಕೆಜಿ ಕರು ದಿನಕ್ಕೆ 50 ಗ್ರಾಂ ಮೀಥೇನ್ ಬಿಟ್ಟರೆ, ನನ್ನ ಲೆಕ್ಕದಲ್ಲಿ ಉತ್ತರ ಸುಮಾರು 5% ಕೆಳಗೆ ಜಾರುತ್ತದೆ.

ಸಗಣಿಯಲ್ಲಿರುವ ನಾರು ಕೂಡ ನೀರಿನ ಜೊತೆ ಹೈಡ್ರೋಜನ್ ಅದಲು ಬದಲು ಮಾಡಿಕೊಂಡು ಹೊರಗೆ ಹೋಗುತ್ತದೆ. ಒಣ ಹುಲ್ಲು ತಿನ್ನುವ ಪ್ರಾಣಿಯಲ್ಲಿ ಸಗಣಿ ಜಾಸ್ತಿ, ನಷ್ಟವೂ ಜಾಸ್ತಿ. ಕೊಬ್ಬು, ಮೀಥೇನ್, ಸಗಣಿ, ಮೂರೂ ತಪ್ಪನ್ನು ಒಂದೇ ಕಡೆಗೆ ಎಳೆಯುತ್ತವೆ. ಒಂದನ್ನೊಂದು ಸರಿದೂಗಿಸುತ್ತವೆ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಇನ್ನೊಂದು ವಿಷಯ. ರೂಮೆನ್‌ನಲ್ಲಿ ತುಂಬಾ ನೀರಿರುವುದರಿಂದ ಗುರುತು ಎಲ್ಲ ಕಡೆ ಬೆರೆಯಲು ಹಂದಿಗಿಂತ ಹೆಚ್ಚು ಹೊತ್ತು ಬೇಕು. ಅವಸರದಲ್ಲಿ ಮೊದಲ ಸ್ಯಾಂಪಲ್ ತೆಗೆದರೆ ಮೈಯ ನೀರು ಕಡಿಮೆ ಇದ್ದಂತೆ ತೋರಿಸುತ್ತದೆ.

ಹಾಲು ಕುಡಿಯುವ ಮರಿಗಳಲ್ಲಿ ಮಾಡಬಹುದಾ?

ಮಾಡಬಹುದು, ಆದರೆ ಎಚ್ಚರಿಕೆ ಬೇಕು. ಹಾಲಿನಲ್ಲಿ ಬಹುಪಾಲು ನೀರೇ. ಮರಿಯ ಮೈಯಲ್ಲಿ ನೀರು ಸರಸರ ಬಂದು ಸರಸರ ಹೋಗುತ್ತಿರುತ್ತದೆ. ಎರಡು ದರಗಳೂ ಮೇಲಕ್ಕೆ ಏರುತ್ತವೆ, ನಡುವಿನ ಸಂದಿ ಮಾತ್ರ ಅಷ್ಟೇ ಇರುತ್ತದೆ. ಅಳತೆಯ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ನೀರು ಕಡಿಮೆ ಬಳಸುವ ಮರುಭೂಮಿಯ ಪ್ರಾಣಿಗಳಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ಈ ವಿಧಾನ ಸೊಗಸಾಗಿ ನಡೆಯುತ್ತದೆ.

ಒಂದು ಲಾಭವೂ ಇದೆ. ಬೇರೇನೂ ಕುಡಿಯದ ಮರಿಯಲ್ಲಿ ಡ್ಯುಟೀರಿಯಂ ಕಡಿಮೆಯಾಗುವ ದರದಿಂದ ಅದು ಎಷ್ಟು ಹಾಲು ಕುಡಿಯಿತು ಅಂತಲೂ ಗೊತ್ತಾಗುತ್ತದೆ. ಕುಡಿಯುವ ಮುಂಚೆ, ಕುಡಿದ ಮೇಲೆ ಮರಿಯನ್ನು ತೂಗಿ ತೂಗಿ ಸುಸ್ತಾಗುವುದು ತಪ್ಪುತ್ತದೆ.

ಎಷ್ಟು ದಿನ? ಎಷ್ಟು ಸ್ಯಾಂಪಲ್?

ಕೊಟ್ಟ ಗುರುತು ಅರ್ಧಕ್ಕೆ ಇಳಿಯಲು ಬೇಕಾದ ಸಮಯದ ಎರಡರಷ್ಟು ದಿನ ಒಳ್ಳೆಯದು. ನಮ್ಮ ಕರುವಿನಲ್ಲಿ ಆ ಸಮಯ ಐದಾರು ದಿನ, ಹಾಗಾಗಿ ಹತ್ತು ಹನ್ನೆರಡು ದಿನ. ಪುಟ್ಟ ಹಂದಿಮರಿಯಲ್ಲಿ ಇದಕ್ಕಿಂತ ಬಹಳ ಬೇಗ. ಗುರುತು ಕೊಡುವ ಮೊದಲು ಒಂದು ಸ್ಯಾಂಪಲ್ ಬೇಕೇ ಬೇಕು. ಬೆರೆತ ಮೇಲೆ ಒಂದು, ಕೊನೆಗೆ ಒಂದು. ನಡುವೆ ಮೂರು ನಾಲ್ಕು ಇದ್ದರೆ ಗೆರೆ ನೆಟ್ಟಗೆ ಇಳಿಯುತ್ತಿದೆಯೇ ಅಂತ ನೋಡಬಹುದು. ನಾನು ನಡುವಿನವನ್ನು ಯಾವತ್ತೂ ಬಿಡುವುದಿಲ್ಲ.

ಕೊಟ್ಟ ನೀರಿನ ತೂಕ ಬಹಳ ನಿಖರವಾಗಿರಬೇಕು. ಬಾಯಿಗೆ ಕೊಟ್ಟಾಗ ಕರು ತಲೆ ಕೊಡವಿ ಒಂದಿಷ್ಟು ಚೆಲ್ಲಿದರೆ ಮೈಯ ನೀರಿನ ಲೆಕ್ಕವೇ ಕೆಡುತ್ತದೆ. ಅದಕ್ಕೇ ರಕ್ತನಾಳಕ್ಕೆ ಕೊಡುವುದು ವಾಸಿ ಎನ್ನುವವರು ಇದ್ದಾರೆ.

ಸ್ಯಾಂಪಲ್ ಇಡುವಾಗ ಏನು ಗಮನಿಸಬೇಕು?

ಮುಚ್ಚಳ. ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಇಡೀ ಪ್ರಯೋಗ ಅದರ ಮೇಲೆ ನಿಂತಿದೆ. ಸಡಿಲ ಮುಚ್ಚಳದಿಂದ ನೀರು ಆವಿಯಾದರೆ ಹಗುರ ನೀರು ಮೊದಲು ಹೋಗುತ್ತದೆ, ಭಾರದ್ದು ಉಳಿಯುತ್ತದೆ. ಸ್ಯಾಂಪಲ್ ಸುಳ್ಳು ಹೇಳಲು ಶುರು ಮಾಡುತ್ತದೆ. ಶೀಶೆಯನ್ನು ಕತ್ತಿನ ತನಕ ತುಂಬಿ, ರಬ್ಬರ್ ಉಂಗುರವಿರುವ ಮುಚ್ಚಳ ಹಾಕಿ, ಬೇಗ ಫ್ರೀಜರ್‌ಗೆ ಸೇರಿಸಬೇಕು. ಪ್ಲಾಸ್ಟಿಕ್ ಶೀಶೆ ಪೂರ್ತಿ ತುಂಬಿದರೆ ಹೆಪ್ಪುಗಟ್ಟುವಾಗ ಬಿರಿಯಬಹುದು, ಅದಕ್ಕೆ ಕೂದಲೆಳೆಯಷ್ಟು ಜಾಗ ಬಿಡಿ. ಗುರುತು ಕೊಟ್ಟ ಮತ್ತು ಕೊಡದ ಪ್ರಾಣಿಗಳ ಶೀಶೆಗಳನ್ನು ಒಂದೇ ಡಬ್ಬದಲ್ಲಿ ಇಡಬೇಡಿ.

ಕುಡಿಯುವ ನೀರು ಬದಲಾದರೆ ಏನಾಗುತ್ತದೆ?

ಬೇಸಿಗೆಯಲ್ಲಿ ಕೆರೆಯ ನೀರು ಆವಿಯಾಗಿ ಆಗಿ ಉಳಿದದ್ದು ಭಾರವಾಗಿರುತ್ತದೆ. ಕೊಳವೆ ಬಾವಿಯ ನೀರು ಹಾಗಲ್ಲ. ಪ್ರಯೋಗದ ನಡುವೆ ಕೊಳವೆ ಬಾವಿ ಕೆಟ್ಟು ಕರುಗಳಿಗೆ ಕೆರೆ ನೀರು ಕುಡಿಸಿದರೆ, ಗುರುತು ಕೊಡದಿದ್ದರೂ ಮೈಯ ನೀರಿನ ಐಸೋಟೋಪ್ ಪ್ರಮಾಣ ಬದಲಾಗುತ್ತದೆ. ಪರಿಹಾರ ಸರಳ. ಗುರುತು ಕೊಡದ ಎರಡು ಮೂರು ಪ್ರಾಣಿಗಳು ಅದೇ ನೀರು, ಅದೇ ಮೇವಿನಲ್ಲಿ ಜೊತೆಗಿರಲಿ. ಅವುಗಳ ಸ್ಯಾಂಪಲ್‌ನಿಂದ ಬದಲಾವಣೆಯನ್ನು ಕಳೆಯಬಹುದು.

ಬೈಕಾರ್ಬನೇಟ್ ವಿಧಾನ ಅಂತ ಇನ್ನೊಂದಿದೆಯಲ್ಲ?

ಹೌದು. ಅಡುಗೆ ಸೋಡಾದಲ್ಲಿ ಇರುವುದೇ ಬೈಕಾರ್ಬನೇಟ್. ಅದರ ಮಾಮೂಲಿ ಇಂಗಾಲದ ಜಾಗದಲ್ಲಿ ಸ್ವಲ್ಪ ಹೆಚ್ಚು ತೂಕದ ಇಂಗಾಲ-13 ಇರುವ ಸೋಡಾವನ್ನು ಸಣ್ಣ ಪಂಪಿನಿಂದ ಒಂದೇ ವೇಗದಲ್ಲಿ ಪ್ರಾಣಿಗೆ ಹರಿಸುತ್ತಾರೆ. ಹರಿಯುವ ಕಾಲುವೆಗೆ ಒಂದೇ ಸಮ ಬಣ್ಣ ಸುರಿದ ಹಾಗೆ. ಬಣ್ಣ ಎಷ್ಟು ತೆಳುವಾಯಿತು ಎಂದು ನೋಡಿದರೆ ಎಷ್ಟು ನೀರು ಹರಿಯುತ್ತಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಇಲ್ಲಿ ಹರಿಯುವುದು ಪ್ರಾಣಿ ತಯಾರಿಸುವ ಇಂಗಾಲದ ಡೈಆಕ್ಸೈಡ್. ಉಸಿರು, ಜೊಲ್ಲು ಅಥವಾ ರಕ್ತದಲ್ಲಿ ತೆಳುವಾಗಿರುವುದನ್ನು ಅಳೆಯುತ್ತಾರೆ.

ಆಸ್ಟ್ರೇಲಿಯಾದ ಆರ್ಮಿಡೇಲ್‌ನಲ್ಲಿ ಕಾರ್ಬೆಟ್ ಮತ್ತು ಜೊತೆಗಾರರು ಕಟ್ಟಿಹಾಕಿದ ಕುರಿ ಮತ್ತು ಮೇಯುವ ಕುರಿ ಎರಡರ ಮೇಲೂ ಇಂಗಾಲ-14 ಬಳಸಿ 1971ರಲ್ಲಿ ಇದನ್ನು ಪ್ರಕಟಿಸಿದರು. ಇಂಗಾಲ-14 ವಿಕಿರಣ ಸೂಸುವಂಥದ್ದು. ಸ್ಥಿರವಾದ ಇಂಗಾಲ-13ಕ್ಕೆ ಆ ಚಿಂತೆ ಇಲ್ಲ. ಜರ್ಮನಿಯ ಡುಮರ್‌ಸ್ಟಾರ್ಫ್‌ನಲ್ಲಿ ಎಳೆಯ ಹೋರಿಗಳ ಮೇಲೆ ಇಂಗಾಲ-13 ವಿಧಾನವನ್ನು ಉಸಿರಾಟದ ಕೋಣೆಯ ಜೊತೆ ಹೋಲಿಸಿ 2007ರಲ್ಲಿ ಪ್ರಕಟಿಸಿದ್ದಾರೆ.

ಇದರಲ್ಲಿ ಹೈಡ್ರೋಜನ್ ಕಾಟವೇ ಇಲ್ಲ, ಕೊಬ್ಬು ಕಟ್ಟಿದರೂ ಡ್ಯುಟೀರಿಯಂ ಮರೆಯಾಗುವ ಚಿಂತೆ ಇಲ್ಲ. ಆದರೆ ಅಳತೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನದ್ದು. ಕೊಟ್ಟ ಇಂಗಾಲ ಎಲ್ಲವೂ ಉಸಿರಿನಲ್ಲಿ ವಾಪಸ್ ಬರುವುದಿಲ್ಲ. ಸ್ವಲ್ಪ ಯೂರಿಯಾಗೆ, ಸ್ವಲ್ಪ ಬೆಳೆಯುತ್ತಿರುವ ಮೂಳೆಗೆ ಹೋಗುತ್ತದೆ. ಅಂದರೆ ಬೆಳವಣಿಗೆ ಇಲ್ಲೂ ಬಂದು ಲೆಕ್ಕದಲ್ಲಿ ಕೈ ಹಾಕುತ್ತದೆ.

ಈ ವಿಧಾನದಲ್ಲಿ ಮೇವು ಬದಲಾದರೆ ತೊಂದರೆಯೇ?

ತೊಂದರೆಯೇ. ನಮ್ಮ ರೈತರು ತಿಳಿದರೆ ಖುಷಿಪಡುವ ಸಂಗತಿ ಇದು. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು, ನೇಪಿಯರ್ ಹುಲ್ಲು ಒಂದು ಬಗೆ. ಭತ್ತ, ಗೋಧಿ, ಹುರುಳಿ, ಕುದುರೆ ಮೆಂತೆ ಇನ್ನೊಂದು ಬಗೆ. ಗಾಳಿಯ ಇಂಗಾಲ ಹಿಡಿಯುವ ರೀತಿಯೇ ಬೇರೆ. ಮೊದಲ ಬಗೆಯಲ್ಲಿ ಇಂಗಾಲ-13 ಸ್ವಲ್ಪ ಜಾಸ್ತಿ. ವ್ಯತ್ಯಾಸ ಸಾವಿರಕ್ಕೆ ಸುಮಾರು 15 ಪಾಲು. ಕರುವಿಗೆ ನಿನ್ನೆ ತನಕ ರಾಗಿ ಹುಲ್ಲು ಹಾಕಿ ಇವತ್ತು ಭತ್ತದ ಹುಲ್ಲಿಗೆ ಬದಲಾಯಿಸಿದರೆ ಅದರ ಉಸಿರೇ ಬದಲಾಗುತ್ತದೆ. ಹಾಗಾಗಿ ಅಳತೆಗೆ ಮುಂಚೆ ಕನಿಷ್ಠ ಎರಡು ವಾರ ಒಂದೇ ಮೇವು ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಇಂಗಾಲದ ಡೈಆಕ್ಸೈಡ್ ಗೊತ್ತಾದ ಮೇಲೆ ಶಕ್ತಿ ನೇರವಾಗಿ ಸಿಗುತ್ತದೆಯೇ?

ಇಲ್ಲ, ನಡುವೆ ಒಂದು ಮೆಟ್ಟಿಲು ಇದೆ. ಬರೀ ಪಿಷ್ಟ ಉರಿದರೆ ಒಂದು ಲೀಟರ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 21 ಕಿಲೋಜೂಲ್ ಬಿಸಿ. ಬರೀ ಕೊಬ್ಬು ಉರಿದರೆ ಹತ್ತಿರ ಹತ್ತಿರ 28. ಪ್ರಾಣಿ ಏನನ್ನು ಉರಿಸುತ್ತಿದೆ ಅಂತ ತಿಳಿಯದೆ ಗುಣಿಸಿದರೆ ದೊಡ್ಡ ತಪ್ಪಾಗಬಹುದು. ಕೊಬ್ಬು ಕಟ್ಟುವ ಹಂದಿಯಲ್ಲಿ ಇನ್ನೊಂದು ವಿಚಿತ್ರ. ಪಿಷ್ಟವನ್ನು ಕೊಬ್ಬಾಗಿ ಬದಲಿಸುವಾಗ ಆಮ್ಲಜನಕ ಬಳಸದೆಯೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆಗ ಬಿಟ್ಟ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡ ಆಮ್ಲಜನಕಕ್ಕಿಂತ ಜಾಸ್ತಿ ಆಗುತ್ತದೆ. ರೂಮೆನ್‌ನಲ್ಲಿ ಹುಳಿಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಕೂಡ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ತಿಂದದ್ದೇನು, ಕೂಡಿಟ್ಟದ್ದೇನು ಎರಡನ್ನೂ ನೋಡಿ ಈ ಗುಣಕ ಆರಿಸಬೇಕು.

ಖರ್ಚು ಹೇಗೆ?

ಡ್ಯುಟೀರಿಯಂ ಅಗ್ಗ. ನಮ್ಮ ದೇಶದಲ್ಲೇ ಮಣುಗೂರು, ಕೋಟಾದಲ್ಲಿ ಭಾರಜಲ ತಯಾರಾಗುತ್ತದೆ. ದುಬಾರಿ ಆಗಿರುವುದು ಆಮ್ಲಜನಕ-18. ನಮ್ಮ ಕರುವಿಗೆ ಶುದ್ಧ ರೂಪದಲ್ಲಿ ಸುಮಾರು 14 ಗ್ರಾಂ ಬೇಕು. ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನಿನ ಔಷಧಿ ತಯಾರಿಸಲು ಇದೇ ನೀರು ಬೇಕಾಗುವುದರಿಂದ ಬೇಡಿಕೆ ಯಾವಾಗಲೂ ಇದೆ. ಪ್ರಾಣಿ ದೊಡ್ಡದಾದಷ್ಟೂ ಖರ್ಚು ಏರುತ್ತದೆ. ಅದಕ್ಕೇ ದೊಡ್ಡ ಹಸುಗಳಿಗಿಂತ ಮರಿಗಳ ಮೇಲೆ ಈ ವಿಧಾನ ಮಾಡುವುದು ಸುಲಭ.

ಕೋಳಿಗಳಲ್ಲಿ?

ಹಕ್ಕಿಗಳಲ್ಲಿ ವಿಧಾನ ಚೆನ್ನಾಗಿ ನಡೆಯುತ್ತದೆ. ಬ್ರಾಯ್ಲರ್ ಕೋಳಿ ಬೇಗ ಕೊಬ್ಬು ಕಟ್ಟುವುದರಿಂದ ಹಂದಿಗೆ ಹೇಳಿದ ಎಚ್ಚರಿಕೆ ಅದಕ್ಕೂ ಅನ್ವಯ.

ಅಲೆಮಾರಿ ಕುರಿ ಹಿಂಡಿನ ಮರಿಗಳಲ್ಲಿ ಇದನ್ನು ಮಾಡಬಹುದೇ?

ನನಗೆ ತುಂಬಾ ಆಸೆ ಇರುವ ಪ್ರಯೋಗ ಇದು. ಉತ್ತರ ಕರ್ನಾಟಕದ ಕುರುಬರು ದಖನಿ ಕುರಿಗಳನ್ನು ಹೊಡೆದುಕೊಂಡು ಊರಿಂದೂರಿಗೆ ನಡೆಯುತ್ತಾರೆ. ಆ ಹಿಂಡಿನ ಮರಿ ನಡೆಯುವುದಕ್ಕೆ ಎಷ್ಟು ಖರ್ಚು ಮಾಡುತ್ತದೆ, ಮೈಗೆ ಎಷ್ಟು ಉಳಿಸಿಕೊಳ್ಳುತ್ತದೆ ಅಂತ ಯಾವ ಕೋಣೆಯೂ ಹೇಳಲಾರದು. ಎರಡು ಗುರುತಿನ ನೀರಿಗೆ ಹೇಳಿ ಮಾಡಿಸಿದ ಪ್ರಶ್ನೆ.

ಆದರೆ ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಅಲ್ಲಿ ಒಟ್ಟಿಗೆ ಎದುರಾಗುತ್ತವೆ. ಇವತ್ತು ಹಳ್ಳದ ನೀರು, ನಾಳೆ ಕೆರೆ, ನಾಡಿದ್ದು ಯಾರದೋ ತೋಟದ ತೊಟ್ಟಿ. ಹಾಗಾಗಿ ಗುರುತು ಕೊಡದ ಮರಿಗಳು ಹಿಂಡಿನಲ್ಲಿ ಜೊತೆಗೇ ನಡೆಯಬೇಕು, ಅವುಗಳ ಸ್ಯಾಂಪಲ್ ಕೂಡ ಅದೇ ಹೊತ್ತಿಗೆ ತೆಗೆಯಬೇಕು. ಇಂದು ಕಟಾವಾದ ಜೋಳದ ಹೊಲ, ನಾಳೆ ಶೇಂಗಾ ಹೊಲ, ಹಾಗಾಗಿ ಬೈಕಾರ್ಬನೇಟ್ ವಿಧಾನವನ್ನು ಮರೆತುಬಿಡುವುದೇ ಒಳ್ಳೆಯದು. ನಡೆದು ಬೆಳೆಯುವ ಮರಿ ಅಷ್ಟಾಗಿ ಕೊಬ್ಬು ಕಟ್ಟುವುದಿಲ್ಲ, ಅದೊಂದು ಅನುಕೂಲ. ಮೀಥೇನ್ ಮತ್ತು ಹಿಕ್ಕೆಯ ತಿದ್ದುಪಡಿ ಮಾತ್ರ ಬಿಡುವ ಹಾಗಿಲ್ಲ. ತಕ್ಕಡಿಯನ್ನು ಹೆಗಲ ಮೇಲೆ ಹೊತ್ತು, ಐಸ್ ಪೆಟ್ಟಿಗೆ ಹಿಡಿದು, ಮೊದಲ ದಿನ, ನಡುವೆ ಮೂರು ನಾಲ್ಕು ಸಲ, ಮತ್ತೆ ಹನ್ನೆರಡನೇ ದಿನ ಹಿಂಡು ಎಲ್ಲಿ ತಂಗಿದೆಯೋ ಅಲ್ಲಿಗೆ ಹೋಗಬೇಕು. ಬೆಳಿಗ್ಗೆ ಹಿಂಡು ಹೊರಡುವ ಮುಂಚೆ, ಮರಿಗಳು ಇನ್ನೂ ಬಲೆಯೊಳಗೆ ಇರುವಾಗಲೇ ತೂಕ ಮಾಡಿ ಸ್ಯಾಂಪಲ್ ತೆಗೆದುಬಿಡಬೇಕು.